ಗುಡುಗಿಗೆ ಹತ್ತು ಹೆಸರು

ಈ ಬೇಸಿಗೆಯಲ್ಲಿ ನಾನೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ: ಇನ್ನು ಮುಂದೆ ಗುಡುಗಿದಾಗ ನನ್ನ ಮಗಳು ಸಿರಿ ಓಡಿ ಬರಬೇಕಾದದ್ದು ನನ್ನ ತೊಡೆಗೆ, ಅವಳಮ್ಮನ ತೊಡೆಗಲ್ಲ!

ಮೇ ತಿಂಗಳಲ್ಲಿ ಮಧ್ಯಾಹ್ನ ಮೂರು ದಾಟಿದರೆ ಮಲವಗೊಪ್ಪದ ನಮ್ಮ ಮನೆಯಲ್ಲಿ ಗುಡುಗಿನದೇ ಆಡಳಿತ. ಮೊದಲು ಗಾಳಿಯ ಆಗಮನ, ಆಮೇಲೆ ಕರೆಂಟಿನ ನಿರ್ಗಮನ, ಕೊನೆಗೆ ತಲೆಯ ಮೇಲೇ ಡ್ರಮ್ಮು ಉರುಳಿಸಿದಂಥ ಸದ್ದು. ನಾಲ್ಕೂವರೆ ವರ್ಷದ ಸಿರಿ ಚೀರುತ್ತಾ ಓಡುತ್ತಾಳೆ. ದಾರಿಯಲ್ಲಿ ಕೈ ಚಾಚಿ ಕೂತ ಅಪ್ಪನೆಂಬ ಪ್ರಾಣಿ ಅವಳ ಕಣ್ಣಿಗೆ ಬೀಳುವುದೇ ಇಲ್ಲ. ನೇರ ನನ್ನ ಹೆಂಡತಿ ವಿದ್ಯಾಶ್ರೀಯ ಮಡಿಲು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

"ನಾನು ಅರ್ಜುನನ ಹತ್ತು ಹೆಸರು ಹೇಳ್ತೀನಿ ಕಣ್ರೀ, ಅದಕ್ಕೇ ಬರ್ತಾಳೆ. ನೀವೇನು ಹೇಳ್ತೀರಾ?" ಎಂದಳು ವಿದ್ಯಾಶ್ರೀ.

ಗುಡುಗಿದಾಗ ಆ ಹತ್ತು ಹೆಸರು ಹೇಳಿದರೆ ಸಿಡಿಲು ಪಕ್ಕಕ್ಕೆ ಸರಿಯುತ್ತದೆ ಎಂಬುದು ನಮ್ಮ ಕಡೆ ಹಿರಿಯರು ಮಕ್ಕಳಿಗೆ ಕೊಡುತ್ತಾ ಬಂದ ಧೈರ್ಯ.

"ಹತ್ತೇನು, ನೂರು ಹೇಳ್ತೀನಿ. ಟ್ರ್ಯಾಕ್ಟರ್ ಮಾರೋನು ನಾನು ಮಾರಾಯ್ತಿ, ಮಾತಲ್ಲಿ ನನ್ನ ಸೋಲಿಸೋರು ಯಾರು?"

ಆ ಭಾನುವಾರವೇ ಅವಕಾಶ ಒದಗಿತು. ವಿದ್ಯಾಶ್ರೀ ಕೋಟೆ ಕಡೆ ಟೈಲರ್ ಅಂಗಡಿಗೆ ಹೋಗಿದ್ದಳು. ಗಾಳಿಗೆ ರಸ್ತೆಗಡ್ಡ ಮರ ಬಿದ್ದು, ಅವಳ ಬಸ್ಸು ನಡುದಾರಿಯಲ್ಲೇ ನಿಂತಿತ್ತು. ಮನೆಯಲ್ಲಿ ನಾನು, ಸಿರಿ ಮತ್ತು ಗುಡುಗು.

ಮೊದಲ ಗುಡುಗಿಗೇ ಅವಳು ನನ್ನ ಕುತ್ತಿಗೆಗೆ ಜೋತುಬಿದ್ದಳು. ಬೇರೆ ಯಾರೂ ಇರಲಿಲ್ಲ ಎಂಬ ಸಂಗತಿಯನ್ನು ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ.

"ಹೆಸ್ರು ಹೇಳಪ್ಪ," ಎಂದು ಬೆರಳು ಮಡಚಲು ಸಿದ್ಧಳಾದಳು.

"ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಧನಂಜಯ..." ಅವಳ ಒಂದು ಕೈ ಮುಗಿಯಿತು. ನನ್ನ ಪಾಂಡಿತ್ಯವೂ ಮುಗಿಯಿತು.

"ಇನ್ನೊಂದು ಕೈ ಉಳೀತು," ಎಂದಳು. ಆ ಕೈಯನ್ನು ನನ್ನ ಮೂಗಿನೆದುರು ಹಿಡಿದಳು.

ಫೋನಿನಲ್ಲಿ ಹುಡುಕೋಣವೆಂದರೆ ನೆಟ್‌ವರ್ಕು ಕರೆಂಟಿನ ಹಿಂದೆಯೇ ಹೊರಟುಹೋಗಿತ್ತು. ಹೊರಗೆ ಮತ್ತೊಂದು ಸಿಡಿಲು. ಆ ಸಂಕಟದಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಭದ್ರಾವತಿಯ ನಮ್ಮ ಶೋರೂಮಿನ ಹಾಜರಿ ಪುಸ್ತಕ.

"ಯೋಗೇಶ," ಎಂದೆ. ಅವರು ಮ್ಯಾನೇಜರ್. "ವಸಂತ." ಗೋಡೌನಿನವನು. "ಮುಸ್ತಕೀಮ." ಮೆಕ್ಯಾನಿಕ್. "ವಿಜಯಕುಮಾರ." ಬಿಲ್ಲು ಬರೆಯುವವನು, ಅರ್ಜುನನಿಗೂ ಅವನಿಗೂ ಬಿಲ್ಲೊಂದೇ ಸಂಬಂಧ. ಕಿರುಬೆರಳು ಉಳಿದಿತ್ತು. ಬೆಳಿಗ್ಗೆ ಕಸ ಗುಡಿಸಿ ಟೀ ಕೊಡುವವರನ್ನು ನೆನೆದು, ಕಣ್ಣು ಮುಚ್ಚಿ "ಪುಷ್ಪಮ್ಮ" ಎಂದುಬಿಟ್ಟೆ.

ಏನಾಶ್ಚರ್ಯ! ಗುಡುಗು ಪಕ್ಕದೂರು ಸೋಗಾನೆ ಕಡೆಗೆ ಸರಿಯಿತು. ಸಿರಿ ನಕ್ಕಳು. ನಾನು ಮೀಸೆ ತಿರುವಿದೆ.

ಸಂಜೆ ತೊಯ್ದು ತೊಪ್ಪೆಯಾಗಿ ಬಂದ ತಾಯಿಗೆ ಮಗಳು ಹತ್ತೂ ಹೆಸರನ್ನು ಪಟಪಟನೆ ಒಪ್ಪಿಸಿದಳು.

"ರೀ, ಅರ್ಜುನ ಪುಷ್ಪಮ್ಮ ಆಗಿದ್ದು ಯಾವಾಗ?"

"ವಿರಾಟನ ಮನೇಲಿ ಹೆಣ್ಣುವೇಷದಲ್ಲಿದ್ನಲ್ಲ, ಆಗ."

"ಮುಸ್ತಕೀಮ್ ಆಗಿದ್ದು?"

"ರಥ ಕೆಟ್ಟು ನಿಂತಾಗ."

ವಿದ್ಯಾಶ್ರೀ ಹಣೆ ಚಚ್ಚಿಕೊಂಡು ಸರಿಯಾದ ಹೆಸರು ಕಲಿಸಲು ಕೂತಳು. "ಶ್ವೇತವಾಹನ, ಬೀಭತ್ಸು..." ಎನ್ನುವಷ್ಟರಲ್ಲಿ ಮನೆಯೇ ಅದುರುವಂತೆ ಗುಡುಗಿತು. ಸಿರಿ ತಾಯಿಯ ಬಾಯಿಗೆ ಕೈ ಅಡ್ಡ ಇಟ್ಟಳು.

"ನಿಂದು ಬೇಡಮ್ಮ. ಅಪ್ಪ ಹೇಳಿದ್ದೇ ಚೆನ್ನಾಗಿ ಕೆಲ್ಸ ಮಾಡತ್ತೆ."

ಹೆಂಡತಿಯ ಎದುರು ನಾನು ಗೆದ್ದದ್ದು ಅದೇ ಮೊದಲು. ವಾರವಿಡೀ ಎದೆಯುಬ್ಬಿಸಿಕೊಂಡು ಓಡಾಡಿದೆ.

ಮುಂದಿನ ಶುಕ್ರವಾರ ವಿದ್ಯಾಶ್ರೀಗೆ ಶಿಕ್ಷಕರ ತರಬೇತಿ ಇತ್ತು. ಸಿರಿಯನ್ನು ಶೋರೂಮಿಗೆ ಕರೆದೊಯ್ದು ಒಬ್ಬೊಬ್ಬರನ್ನೇ ಪರಿಚಯಿಸಿದೆ. ಒಂದೊಂದು ಹೆಸರಿಗೂ ಅವಳ ಕಣ್ಣು ಅಗಲವಾಗುತ್ತಾ ಹೋಯಿತು. ವಿಜಯಕುಮಾರನಿಗಂತೂ ಕೈಯನ್ನೇ ಮುಗಿದಳು. ಹಲ್ಲಿ ಕಂಡರೆ ಕುರ್ಚಿ ಹತ್ತುವ ಆ ಮನುಷ್ಯ ಗಾಬರಿಯಿಂದ ತಾನೂ ಕೈ ಮುಗಿದ.

ಮೂರು ಗಂಟೆಗೆ ಆಕಾಶ ಕಪ್ಪಾಯಿತು.

"ನೋಡ್ತಾ ಇರಿ, ಗುಡುಗಿದ ಕೂಡ್ಲೇ ನನ್ ಮಗಳು ಯಾರ ಹತ್ರ ಬರ್ತಾಳೆ ಅಂತ," ಎಂದು ಎಲ್ಲರಿಗೂ ಸಾರಿದೆ. ಹೊಸ ಟ್ರ್ಯಾಕ್ಟರಿನ ಮುಂದೆ ಮಂಡಿಯೂರಿ ಎರಡೂ ತೋಳು ಚಾಚಿದೆ.

ಗುಡುಗಿತು. ಶಟರ್ ಅದುರಿತು. ಸಿರಿ ಓಡಿ ಬಂದಳು. ಬಂದವಳು ನನ್ನ ತೋಳಿನಡಿಯಿಂದ ನುಸುಳಿ, ಆಗಲೇ ಮೇಜಿನ ಕೆಳಗೆ ಕಿವಿ ಮುಚ್ಚಿ ಕೂತಿದ್ದ ವಿಜಯಕುಮಾರನ ತೊಡೆ ಏರಿದಳು. ಪಕ್ಕದಲ್ಲಿ ನಿಂತಿದ್ದ ಪುಷ್ಪಮ್ಮನ ಸೆರಗನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಸಿರಿ, ಅಪ್ಪ ಇಲ್ಲೇ ಇದೀನಲ್ಲ ಪುಟ್ಟಾ." ನನ್ನ ದನಿ ಕೇಳಿ ನನಗೇ ಪಾಪ ಅನ್ನಿಸಿತು.

ಮೇಜಿನಡಿಯಿಂದ ಪುಟ್ಟ ಮುಖ ಹೊರಗೆ ಬಂತು. ಅದರ ತುಂಬ ನನ್ನ ಬಗ್ಗೆಯೇ ಕಾಳಜಿ.

"ಅಪ್ಪ, ಅಲ್ಲಿರ್ಬೇಡ, ಬೇಗ ಒಳಗೆ ಬಾ. ಹತ್ತು ಹೆಸ್ರಲ್ಲಿ ನಿನ್ ಹೆಸ್ರೇ ಇಲ್ಲ."

ನಾನು ಅಂಬೆಗಾಲಿಟ್ಟುಕೊಂಡು ಒಳಗೆ ಹೋದೆ. ಗಡಗಡ ನಡುಗುತ್ತಿದ್ದ ವಿಜಯಕುಮಾರ ಕೊಂಚ ಸರಿದು ಜಾಗ ಮಾಡಿಕೊಟ್ಟ. "ಬನ್ನಿ ಗಣೇಶಣ್ಣ," ಎಂದ, "ನಾನಿದೀನಲ್ಲ."