ಹುಣಸೆಹಣ್ಣಿನಲ್ಲಿ ಬೆಳಗಿದ ತೋಟಾ

ಹುಣಸೆಹಣ್ಣಿಗೆ ಹಿತ್ತಾಳೆಯನ್ನು ಹೊಳೆಯಿಸುವುದಷ್ಟೇ ಗೊತ್ತು. ಹೊಳೆದದ್ದು ಯಾರದ್ದೆಂದು ಅದು ಹೇಳುವುದಿಲ್ಲ.

ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಗೋಪಾಲಕೃಷ್ಣ ಹಳೇ ಸಾಮಾನಿನ ಗ್ಯಾರೇಜ್ ಸೇಲ್‌ನಲ್ಲಿ ಬಂದೂಕಿನ ನಲವತ್ತು ಖಾಲಿ ತೋಟಾ ಕೊಂಡಿದ್ದ. ಎಂದೋ ಸೈನ್ಯದವರು ಹಾರಿಸಿ ಬಿಟ್ಟ ಹಿತ್ತಾಳೆ, ಕಾವಲಿಯ ತಳದಷ್ಟು ಕಪ್ಪು. ಹೊಸ ಮದ್ದು, ಗುಂಡು ತುಂಬಿದರೆ ಮತ್ತೆ ಹಾರಿಸಬಹುದು. ಆ ವಿದ್ಯೆ ಬಲ್ಲವರು ಎದುರುಮನೆಯ ಅಲ್ಫೋನ್ಸ್ ಅಂಕಲ್, ರೈಫಲ್ ಕ್ಲಬ್ಬಿನ ಹಿರಿಯರು. ಆರು ತಿಂಗಳು ಬೆನ್ನು ಬಿದ್ದ ಮೇಲೆ ಅವರು ಮಣಿದಿದ್ದರು: "ಶನಿವಾರ ತಾ, ಪರೀಕ್ಷೆ ಮಾಡುವ. ಪಾಸಾದರೆ ಕಲಿಸ್ತೇನೆ." ಒಳ್ಳೆಯ ತೋಟಾ ಹೇಗಿರುತ್ತದೆಂದು ತೋರಿಸಲು, ಅದೇ ಸೈನ್ಯದ ಮುದ್ರೆಯಿದ್ದ ತಮ್ಮ ನಲವತ್ತನ್ನು ಬಟ್ಟೆಚೀಲದಲ್ಲಿ ಕೊಟ್ಟೂ ಇದ್ದರು.

ಶನಿವಾರ ಬೆಳಿಗ್ಗೆ, ತನ್ನ ತೋಟಾಗಳನ್ನು ಇಟ್ಟಿದ್ದ ಬಿಸ್ಕೆಟ್ ಡಬ್ಬಿ ತೆರೆದವನು ಬೆರಗಾಗಿ ನಿಂತ. ಒಳಗೆ ನಲವತ್ತು ಪುಟಾಣಿ ಗೋಪುರಕಳಶಗಳು!

"ಜಯಾ! ಏನೇ ಇದು ಪವಾಡ?"

"ಗುರುವಾರ ದೇವರ ಪಾತ್ರೆ ತೊಳೆಯೋವಾಗ ಗ್ಯಾರೇಜಲ್ಲಿದ್ದ ಹಿತ್ತಾಳೆಗೆಲ್ಲ ಹುಣಸೆಹಣ್ಣು ಹಚ್ಚಿಬಿಟ್ಟೆ ರೀ," ಜಯಲಕ್ಷ್ಮಿ ಒಳಗಿನಿಂದ ಕೂಗಿದಳು. "ಇನ್ನೂ ನಿಮ್ಮ—"

ಅವಳ ಮಾತು ಮುಗಿಯುವಷ್ಟರಲ್ಲಿ ಅವನು ರಸ್ತೆ ದಾಟಿದ್ದ.

"ಎಂಥ ಹೊಳಪು ಮಾರಾಯ!" ಎಂದರು ಅಂಕಲ್. "ಆದರೆ ಹೊಳಪಿಗೆ ನಾನು ಮಾರ್ಕು ಕೊಡುವುದಿಲ್ಲ. ಹುಣಸೆಯಲ್ಲಿ ನೆನೆಸಿಡಬೇಡ ಮತ್ತೆ. ಕೆಂಪಾದರೆ ಹಿತ್ತಾಳೆ ಸತ್ತ ಹಾಗೆ."

ತುದಿ ಬಗ್ಗಿಸಿದ ತಂತಿಯೊಂದನ್ನು ತೋಟಾದೊಳಗೆ ಇಳಿಸಿ, ಕಣ್ಣು ಮುಚ್ಚಿ, ಒಳಗೋಡೆಯನ್ನು ಮೆಲ್ಲಗೆ ಸವರಿದರು. ತಳದ ಹತ್ತಿರ ತಂತಿ ತಡವರಿಸಿತು.

"ನೀನೇ ಹಿಡಿದು ನೋಡು."

ಗೋಪಾಲಕೃಷ್ಣನ ಬೆರಳಿಗೂ ತಿಳಿಯಿತು. ಒಳಗೆ ಸುತ್ತಲೂ ಕೂದಲೆಳೆಯಂಥ ತಗ್ಗು. ಹೊರಗೆ ಒಂದು ಗೀರೂ ಇಲ್ಲ.

"ಹಾರಿಸಿದ ಹಾಗೆಲ್ಲ ಹಿತ್ತಾಳೆ ಹಿಗ್ಗಿ ಇಲ್ಲೇ ತೆಳ್ಳಗಾಗ್ತದೆ. ಒಂದು ದಿನ ತುಂಡು! ನಿನ್ನ ಕಾರಿನ ಟೈರಲ್ಲಿ ಗಾಳಿ ಉಂಟಲ್ಲ, ಅದರ ಸಾವಿರ ಪಟ್ಟು ಒತ್ತಡ. ಅದೂ ನಿನ್ನ ಕೆನ್ನೆಯ ಪಕ್ಕ."

ಅವನಿಗೆ ಮೈ ಜುಮ್ಮೆಂದಿತು. ಅಷ್ಟು ಬೆಂಕಿಯನ್ನು, ಬಳೆಯಷ್ಟು ತೆಳುವಾದ ಈ ಹಿತ್ತಾಳೆ ಉಸಿರೆತ್ತದೆ ತಡೆದು ನಿಂತಿತ್ತಲ್ಲ! ಅರಿವಿಲ್ಲದೆ ಕೈ ಮುಗಿದ.

ಎರಡನೆಯದೂ ಹಾಗೆಯೇ. ಹತ್ತನೆಯದೂ. ನಲವತ್ತನೆಯದೂ.

"ಯಾವ ಹುಂಬ ಇದನ್ನು ಇಷ್ಟು ಸಲ ಹಾರಿಸಿದ್ದು?" ಅಂಕಲ್ ಗುಡುಗಿದರು. "ಅವನ ಕಣ್ಣು ಉಳಿದದ್ದು ದೇವರ ಕೃಪೆ!"

"ಅಂಥವನ ಹೆಂಡತಿ ಬಂದೂಕನ್ನು ಮೊದಲು ಕೆರೆಗೆ ಬಿಸಾಡ್ಬೇಕು," ಎಂದರು ಗಿಡಕ್ಕೆ ನೀರು ಹಾಕುತ್ತಿದ್ದ ಅಂಕಲ್ ಹೆಂಡತಿ ವಯೊಲೆಟ್ ಆಂಟಿ.

ಮತ್ಯಾರೂ ತಪ್ಪಿ ಬಳಸಬಾರದೆಂದು ಅಂಕಲ್ ಒಂದೊಂದನ್ನೂ ಇಕ್ಕಳದಿಂದ ಚಪ್ಪಟೆ ಮಾಡಿದರು. ಗೋಪಾಲಕೃಷ್ಣನ ಮುಖವೂ ಚಪ್ಪಟೆಯಾದದ್ದನ್ನು ಕಂಡು ಕರಗಿದರು.

"ಬೇಜಾರು ಮಾಡ್ಬೇಡ. ಚೀಲದಲ್ಲಿ ನನ್ನದು ನಲವತ್ತು ಉಂಟಲ್ಲ, ಅದನ್ನೇ ತಾ. ಅದರಲ್ಲೇ ಕಲಿಸ್ತೇನೆ. ಹನ್ನೆರಡು ಸಲ ಹಾರಿಸಿದ್ದೇನೆ, ವಜ್ರದ ಹಾಗೆ ಉಂಟು."

"ಅದಕ್ಕೂ ತಂತಿ ಹಾಕಿ ನೋಡಿದೀರಾ ಅಂಕಲ್?"

"ನನ್ನದಕ್ಕೆ ಎಂಥ ಪರೀಕ್ಷೆ?"

ಹಾರುವ ಹೆಜ್ಜೆಯಲ್ಲಿ ಮನೆಗೆ ಬಂದ. ಬಟ್ಟೆಚೀಲ ಉಪವಾಸದ ಹೊಟ್ಟೆಯಂತೆ ಖಾಲಿ ಬಿದ್ದಿತ್ತು.

"ಅದರಲ್ಲಿದ್ದವು ಬೇಗ ಬೆಳಗಿದ್ವು ರೀ, ಬಿಸ್ಕೆಟ್ ಡಬ್ಬೀಲಿ ತುಂಬಿಟ್ಟೆ," ಎಂದಳು ಜಯಲಕ್ಷ್ಮಿ. "ನಿಮ್ಮ ಕರಿಯವು ಮಹಾ ಹಠಮಾರಿ. ಗುರುವಾರದಿಂದ ಹುಣಸೆನೀರಲ್ಲಿ ನೆನೀತಿವೆ. ಅದನ್ನೇ ಹೇಳಕ್ಕೆ ಬಂದ್ರೆ ಓಡ್ಬಿಟ್ರಿ! ಈಗ ನೋಡಿ, ಎಷ್ಟು ಚೆನ್ನಾಗಿ ಕೆಂಪಗಾಗಿವೆ!"

ಬಕೆಟ್ಟಿಗೆ ಕೈಹಾಕಿ ಒಂದನ್ನೆತ್ತಿದ. ತಾಮ್ರದ ಚೆಂಬಿನಷ್ಟು ಕೆಂಪು.

ಫೋನು ಹೊಡೆದುಕೊಂಡಿತು. ಅಲ್ಫೋನ್ಸ್ ಅಂಕಲ್.

"ಗೋಪಾಲ್, ಆ ಹುಂಬ ಯಾರಂತ ವಿಚಾರಿಸು ಮಾರಾಯ. ನಾಳೆ ಕ್ಲಬ್ಬಲ್ಲಿ ಎಲ್ಲರ ಎದುರು ಹೆಸರು ಹೇಳಿ ಮರ್ಯಾದೆ ತೆಗೀಬೇಕು."

ಗೋಪಾಲಕೃಷ್ಣ ಕೆಂಪು ತೋಟಾವನ್ನು ಮೆಲ್ಲಗೆ ಮತ್ತೆ ನೀರಿಗೆ ಬಿಟ್ಟ.

"ಹೆಸರು ಗೊತ್ತಾಯ್ತು ಅಂಕಲ್," ಎಂದ. "ನೀವು ಒಂಚೂರು ಕೂತ್ಕೊಳ್ಳಿ."