ಎರಡು ಹೋಳಾದ ತತ್ವಜ್ಞಾನಿ

"ಬಹುಮಾನ ಇಲ್ಲ ಅಂದ್ರೆ ಇಲ್ಲ," ಎಂದು ಮೇಷ್ಟ್ರು ಮೇಜಿನ ಮೇಲೆ ಕೈ ಊರಿದರು. ಸದಾ ಕುಂಟುವ ಆ ಮೇಜು ಯಾಕೋ ಇವತ್ತು ಗಟ್ಟಿಯಾಗಿ ನಿಂತಿತ್ತು. "ಏಳು ವರ್ಷ ಸರ್ವಾಧಿಕಾರಿಗೆ ಭಾಷಣ ಬರೆದುಕೊಟ್ಟೋನು ಈ ತತ್ವಜ್ಞಾನಿ. ಊರಿಗೆಲ್ಲ ಗೊತ್ತು. ಈ ಹುಡುಗಿ ಅವನ ಜೀವನಚರಿತ್ರೆ ಬರೀತಾಳೆ, ಆ ಸುದ್ದೀನೇ ಎತ್ತಲ್ಲ."

"ಎತ್ತಿರ್ಬೇಕು ರೀ," ಎಂದರು ಹೆಂಡತಿ. "ಪುಸ್ತಕದ ನನ್ನ ಹೋಳು ಶುರುವಾಗೋದೇ 'ಇಷ್ಟೆಲ್ಲ ಆದ ಮೇಲೆ' ಅಂತ."

"ಎಷ್ಟೆಲ್ಲ?"

"ಅದನ್ನ ನಿಮ್ಮ ಹೋಳು ಹೇಳ್ಬೇಕು."

"ನನ್ನ ಹೋಳಿನ ಕೊನೇಲಿ ಅವನು ಮದುವೆ ಆಗ್ತಾನೆ, ಅಷ್ಟೇ."

"ನನ್ನದರಲ್ಲಿ ಮೊದಲ ಸಾಲಿಂದ ಪಶ್ಚಾತ್ತಾಪ ಪಡ್ತಿದ್ದಾನೆ."

"ಮದುವೆಗಾ?"

"ಪಾಪ, ಹೆಂಡತಿ ಎಂಥವಳೋ ಅಂತ ನಾನೂ ಯೋಚಿಸ್ತಿದ್ದೆ."

ದಂಪತಿ ಇಬ್ಬರೂ ಪುಸ್ತಕ ಬಹುಮಾನದ ತೀರ್ಪುಗಾರರು. ಒಂದೇ ಮನೆಯವರಲ್ಲವೇ ಎಂದು ಸಮಿತಿಯವರು ಒಂದೇ ಪ್ರತಿ ಕಳಿಸಿದ್ದರು. ದಪ್ಪ ಪುಸ್ತಕ ಬಂದರೆ ಮೇಷ್ಟ್ರು ಬ್ಲೇಡು ಹಿಡಿದು ಬೆನ್ನು ಸೀಳಿ ಎರಡು ಮಾಡುತ್ತಿದ್ದರು. ಮೊದಲರ್ಧ ತಮಗೆ, ಉಳಿದದ್ದು ಹೆಂಡತಿಗೆ, ಆಮೇಲೆ ಅದಲುಬದಲು. ಬೀದಿಯವರೆಲ್ಲ ಲೈಬ್ರರಿಯಮ್ಮ ಎಂದೇ ಕರೆಯುವ ಆಕೆ ಆ ಸೀಳುವ ಸದ್ದಿಗೆ ಈಗಲೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಈ ಸಲ ಅದಲುಬದಲಿಗೂ ಪುರುಸೊತ್ತಿರಲಿಲ್ಲ. ಸಂಜೆಯೊಳಗೆ ತೀರ್ಪು ಹೋಗಬೇಕು.

ಮೇಷ್ಟ್ರ ಕಾಗದ ಆಗಲೇ ಸಿದ್ಧವಾಗಿತ್ತು: 'ಲೇಖಕಿ ಬೇಕೆಂದೇ ಸತ್ಯ ಮುಚ್ಚಿಟ್ಟಿದ್ದಾರೆ.' ಮೊದಲ ಪುಸ್ತಕ ಬರೆದ ಹುಡುಗಿಯನ್ನು ಮುಗಿಸಲು ಆ ಒಂದು ಸಾಲು ಸಾಕು. ಅವಳ ಎರಡನೆಯದನ್ನು ಯಾರೂ ಅಚ್ಚು ಹಾಕುವುದಿಲ್ಲ. ಅದನ್ನು ಬಲ್ಲ ಲೈಬ್ರರಿಯಮ್ಮ ಕಾಗದವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

"ನಿಮ್ಮ ಕೊನೇ ಪುಟ ಯಾವುದು?"

"ನೂರ ನಲವತ್ತು."

"ನಂದು ಶುರುವಾಗೋದು ನೂರ ಎಪ್ಪತ್ತಮೂರರಿಂದ. ನಡುವಿಂದು ಎಲ್ಲಿ?"

"ಅದಾ? ಸೀಳುವಾಗ ಒಂದು ಕಂತೆ ಬಿಡಿಯಾಗಿ ಬಂತು. ಅಡಿಟಿಪ್ಪಣಿ ಇರ್ಬೇಕು ಅಂತ..."

ಮೇಷ್ಟ್ರು ಕೆಳಗೆ ನೋಡಿದರು. ಅವರ ಕಣ್ಣು ಹೋದ ಕಡೆ ಲೈಬ್ರರಿಯಮ್ಮ ಬಗ್ಗಿದರು. ಮೇಜಿನ ಕುಂಟುಕಾಲಿನ ಅಡಿಯಲ್ಲಿ ನಾಲ್ಕು ಮಡಿಕೆಯಾಗಿ ತತ್ವಜ್ಞಾನಿಯ ಏಳು ವರ್ಷ ಮಲಗಿತ್ತು.

ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದರು. ಯಾವ ಭಾಷಣ ಅವನದು, ಯಾವ ಗೆಳೆಯರ ಕೆಲಸ ಹೋಗಲು ಅವನ ರುಜು ಕಾರಣ, ಹುಡುಗಿ ಒಂದನ್ನೂ ಬಿಟ್ಟಿರಲಿಲ್ಲ. ಮೇಷ್ಟ್ರು ಹಳೆಯ ಕಾಗದ ಹರಿದು, ಮತ್ತೆ ಕುಂಟತೊಡಗಿದ ಮೇಜಿನ ಮೇಲೆ ಹೊಸದನ್ನು ಬರೆದರು: 'ಪ್ರಥಮ ಬಹುಮಾನ. ಮರು ಓದಿನಲ್ಲಿ ಗ್ರಂಥದ ಪ್ರಾಮಾಣಿಕತೆ ಎದ್ದು ಕಾಣುತ್ತದೆ.'

"ಮರು ಓದು ಅಂತ ಯಾಕೆ? ಮೊದಲು ಓದೇ ಇರ್ಲಿಲ್ವಲ್ಲ. ಮೇಜಿನ ಕಾಲಡಿ ಇತ್ತು ಅಂತ ಬರೀರಿ."

"ಹಳೇದನ್ನ ಈಗ ಯಾಕೆ ಕೆದಕ್ತೀಯ? ಆಗಿನ ಪರಿಸ್ಥಿತಿ ಹಾಗಿತ್ತು. ಮೇಜು ಕುಂಟ್ತಿತ್ತು."

ಲೈಬ್ರರಿಯಮ್ಮ ಕಂತೆಯ ಸುಕ್ಕು ಬಿಡಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಗಂಡನ ಮುಂದೆ ಹಿಡಿದರು.

"ಇಲ್ಲಿ ತತ್ವಜ್ಞಾನೀನೂ ಇದನ್ನೇ ಹೇಳಿದಾನೆ ರೀ. ಮೇಜೊಂದು ಬಿಟ್ಟು."