ನಾನು ಮೊಸರು ಬಿಟ್ಟ ಶ್ರಾವಣ

ವಾದದಲ್ಲಿ ನಾನು ಯಾರಿಗೂ ಸೋತವನಲ್ಲ. ಹೆಂಡತಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ಅವಳು ವಾದ ಮಾಡುವುದೇ ಇಲ್ಲ, ತನಗೆ ಸರಿ ಕಂಡದ್ದನ್ನು ಮಾಡಿ ಮುಗಿಸಿರುತ್ತಾಳೆ. ಶಲವಡಿಯಲ್ಲಿ ಇಪ್ಪತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೇನೆ. ಧ್ವನಿ ದೊಡ್ಡದು, ಉದಾಹರಣೆಗಳು ಬೇಕಾದಷ್ಟಿವೆ, ಎದುರಿನವರಿಗೆ ನಡುವೆ ಬಾಯಿ ಹಾಕಲು ಜಾಗ ಕೊಡುವ ಅಭ್ಯಾಸವಿಲ್ಲ. ಗೆಲ್ಲಲು ಇನ್ನೇನು ಬೇಕು?

ನನ್ನ ಮೆಚ್ಚಿನ ವಿಷಯ ಸಸ್ಯಾಹಾರ. ನಮ್ಮದು ತಲೆತಲಾಂತರದಿಂದ ಲಿಂಗ ಕಟ್ಟಿದ ಮನೆತನ, ತತ್ತಿಯನ್ನು ಕೈಯಿಂದ ಮುಟ್ಟಿದವರೂ ಇಲ್ಲ. ಪಕ್ಕದ ಮನೆ ಯಲ್ಲಪ್ಪನದು. ಎರಡೂ ಮನೆಗಳ ನಡುವೆ ಒಂದು ಸೈಕಲ್ಲು ಹೋಗುವಷ್ಟು ಸಂದಿ. ಯಲ್ಲಪ್ಪ ಊರಿನ ಹಿಟ್ಟಿನ ಗಿರಣಿ ನಡೆಸುತ್ತಾನೆ, ಒಂದು ಎಮ್ಮೆ ಕಟ್ಟಿದ್ದಾನೆ, ರವಿವಾರ ತಪ್ಪದೆ ಮಟನ್ ತಿನ್ನುತ್ತಾನೆ. ಬಂಗಾರದಂಥ ಮನುಷ್ಯ. ಆದರೆ ವಾದ ಮಾಡಲು ನನಗೆ ಇನ್ಯಾರು ಸಿಗಬೇಕು? ಗಿರಣಿಯಲ್ಲಿ ಕರೆಂಟು ಹೋದಾಗಲೆಲ್ಲ ನಮ್ಮ ವಾದ ಶುರುವಾಗುತ್ತಿತ್ತು. ಕರೆಂಟು ಬಂದರೆ ಗಿರಣಿಯ ಸದ್ದಿಗೆ ನಿಲ್ಲುತ್ತಿತ್ತು. ನಮ್ಮೂರಿನ ಕರೆಂಟಿನ ದೆಸೆಯಿಂದ ನನಗೆ ವೇಳೆಯ ಕೊರತೆ ಎಂದೂ ಆಗಲಿಲ್ಲ.

ರವಿವಾರದ ಕಾರ್ಯಕ್ರಮವೇ ಬೇರೆ. ಹನ್ನೊಂದರ ಸುಮಾರಿಗೆ ಮಸಾಲೆಯ ಘಮಲು ಬರುತ್ತಿದ್ದಂತೆ ನಾನು ಮೂಗು ಹಿಡಿದು, ಮುಖ ಆಚೆ ತಿರುಗಿಸಿ, ಸಂದಿಯ ಕಡೆಯ ಕಿಟಕಿಯನ್ನು ಧಡ್ ಎಂದು ಮುಚ್ಚುತ್ತಿದ್ದೆ. ಬಾಜು ಮನೆಗೆ ಕೇಳಲಿ ಎಂಬುದೇ ಉದ್ದೇಶ. ಆಮೇಲೆ ಒಳಗೆ ಕುಳಿತು ಹೆಂಡತಿಗೆ ಸಸ್ಯಾಹಾರದ ಮಹಿಮೆ ಹೇಳುತ್ತಿದ್ದೆ. ಮಾಸ್ತರನ ಧ್ವನಿ ಮುಚ್ಚಿದ ಕಿಟಕಿಗೆ ಬಗ್ಗುವಂಥದ್ದಲ್ಲ. ಹೆಂಡತಿ ಸರೋಜಾ ಅಡಿಗೆಮನೆಯಿಂದ ಒಂದು ಸಲವೂ ಉತ್ತರ ಕೊಟ್ಟಿಲ್ಲವಾದ್ದರಿಂದ ಅವಳ ಪೂರ್ಣ ಸಮ್ಮತಿ ಇದೆ ಎಂದೇ ತಿಳಿದಿದ್ದೆ.

ಹೀಗಿರುವಾಗ ಯಲ್ಲಪ್ಪನ ಮಗಳು ಸವಿತಾ, ಧಾರವಾಡದಲ್ಲಿ ಕೃಷಿ ಓದುತ್ತಿರುವವಳು, ಪ್ರಾಜೆಕ್ಟ್ ಕೆಲಸಕ್ಕೆಂದು ಊರಿಗೆ ಬಂದಳು. ಬಂದವಳು ಮಾಂಸ ಬಿಟ್ಟಿದ್ದಾಳೆಂದು ಸುದ್ದಿ ಬಂತು. ನನ್ನ ಸಂತೋಷಕ್ಕೆ ಪಾರವಿಲ್ಲ. ಇಪ್ಪತ್ತು ವರ್ಷ ನಾನು ಮುಚ್ಚಿದ ಕಿಟಕಿಗೆ ಕೊನೆಗೂ ಫಲ ಸಿಕ್ಕಿತು! ಧಾರವಾಡದಿಂದ ತರಿಸಿದ ಪೇಢೆಯ ಡಬ್ಬಿ ಹಿಡಿದು ಗಿರಣಿಗೆ ಹೋದೆ. ಸುದೈವದಿಂದ ಕರೆಂಟು ಹೋಗಿತ್ತು, ಸವಿತಾಳೂ ಅಲ್ಲೇ ಇದ್ದಳು. ಜೋಳದ ಡಬ್ಬಿ ಇಟ್ಟುಕೊಂಡು ಹತ್ತು ಹನ್ನೆರಡು ಮಂದಿ ಕುಳಿತಿದ್ದರು.

"ತಗೋವಾ ಸವಿತಾ, ಬಾಯಿ ಸಿಹಿ ಮಾಡ್ಕೊ. ಕಡೀಕೂ ನಮ್ಮ ಕಡೆ ಬಂದಿ," ಎಂದೆ.

"ಪೇಢೆ ಹಾಲಿಂದಲ್ಲರಿ ಕಾಕಾ? ನಾ ಹಾಲೂ ಬಿಟ್ಟೀನಿ."

"ಹಾಲು ಯಾಕ ಬಿಟ್ಟಿ? ಹಾಲು ಸಸ್ಯಾಹಾರ."

"ಹಾಲು ಯಾವ ಗಿಡಕ್ಕ ಬಿಡತೈತ್ರಿ ಕಾಕಾ?"

ಗಿರಣಿಯಲ್ಲಿದ್ದವರೆಲ್ಲ ನಕ್ಕರು. ಸವಿತಾ ಮಾತ್ರ ನಗದೆ ವಿವರಿಸಿದಳು. ಇದಕ್ಕೆ ವೀಗನ್ ಎನ್ನುತ್ತಾರಂತೆ. ಮಾಂಸವಷ್ಟೇ ಅಲ್ಲ, ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪ, ಪ್ರಾಣಿಯಿಂದ ಬಂದದ್ದು ಯಾವುದೂ ಕೂಡದಂತೆ. ಹಾಲು ಕರುವಿನ ಪಾಲಂತೆ. ನಾನು ಗಂಟಲು ಸರಿಮಾಡಿಕೊಂಡು, "ನಾವೇನು ಕರಾನ ಕೊಲ್ಲತೀವೇನು?" ಎಂದೆ.

"ನಾ ಸಣ್ಣಾಕಿ ಇದ್ದಾಗ ನಿಮ್ಮ ಮನ್ಯಾಗ ಎಮ್ಮಿ ಇತ್ತಲ್ಲರಿ, ಅದು ಹಾಕಿದ ಗಂಡು ಕರ ಏನಾತು?"

"ಸಂತ್ಯಾಗ ಮಾರಿದ್ವಿ."

"ಯಾರು ತಗೊಂಡ್ರು?"

ಗಂಡು ಕರುವನ್ನು ಯಾರು, ಯಾತಕ್ಕೆ ಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು. ಮಾರಿದ ದಿನವೂ ಗೊತ್ತಿತ್ತು. ವಾದದಲ್ಲಿ ಮೊದಲ ಬಾರಿಗೆ ನನ್ನ ಉದಾಹರಣೆಗಳು ಮುಗಿದವು. ಕರೆಂಟಾದರೂ ಬರಬಾರದೇ? ಬರಲಿಲ್ಲ.

ಆಗ ಯಲ್ಲಪ್ಪ ಬಾಯಿ ತೆರೆದ. "ಮಾಸ್ತರ, ನಾ ಪ್ರತಿ ಶ್ರಾವಣ ಒಂದು ತಿಂಗಳು ಮಾಂಸ ಬಿಡತೀನಿ. ಯಾರ ಮುಂದೂ ಹೇಳ್ಕೊಳ್ಳಾಂಗಿಲ್ಲ, ಸುಮ್ನ ಬಿಡತೀನಿ. ನೀವು ಹುಟ್ಟಿದಾಗಿಂದ ಇಲ್ಲೀತನಕ ಏನರ ಬಿಟ್ಟೀರೇನು?"

ನಾನು ಎದ್ದು ನಿಂತೆ. ನೆರೆದ ಸಭಿಕರ ಸಮಕ್ಷಮದಲ್ಲಿ, ಜೋಳದ ಡಬ್ಬಿಗಳ ಸಾಕ್ಷಿಯಲ್ಲಿ, ಬರುವ ಶ್ರಾವಣ ಪೂರ್ತಿ ಹಾಲು ಮತ್ತು ತತ್ಸಂಬಂಧಿ ಸಕಲ ಪದಾರ್ಥಗಳನ್ನು ತ್ಯಜಿಸುವುದಾಗಿ ಘೋಷಿಸಿದೆ.

"ನೀವು ಗೆದ್ರ ನಾನೂ ವರ್ಷ ಪೂರ್ತಿ ಮಾಂಸ ಬಿಡತೀನಿ," ಎಂದ ಯಲ್ಲಪ್ಪ. "ಸೋತ್ರ ಮಾತ್ರ ಐತವಾರ ಆ ಕಿಟಕಿ ಮುಚ್ಚಾಂಗಿಲ್ಲ ನೋಡ್ರಿ. ನಿಮ್ಮ ಕಿಟಕಿ ಸಪ್ಪಳಕ್ಕ ರೇಣವ್ವನ ಕೈಯಾಗಿನ ಸೌಟು ಕೆಳಗ ಬೀಳತೈತಿ."

ರೇಣವ್ವ ಅವನ ಹೆಂಡತಿ. ಒಂದು ತಿಂಗಳು ಮೊಸರು ಬಿಟ್ಟರೆ ಒಂದು ಮನೆ ವರ್ಷ ಪೂರ್ತಿ ಸಸ್ಯಾಹಾರಿ. ಇಷ್ಟು ಅಗ್ಗದ ಪುಣ್ಯ ಎಲ್ಲಿ ಸಿಗುತ್ತದೆ? ಮನೆಗೆ ಬಂದು ಸರೋಜಾಳಿಗೆ ಹೇಳಿದೆ.

"ಒಂದು ತಿಂಗಳಾ? ನೀವಾ?" ಎಂದಳು.

"ನನ್ನ ಸಲುವಾಗಿ ನೀನೂ ಬಿಡಬೇಕಂತೇನಿಲ್ಲ."

"ನಾ ಯಾಕ ಬಿಡ್ಲಿ? ನಿಮ್ಮ ಮುಂದ ಕುಂತು ತಿಂತೀನಿ."

ಹೇಳಿದಂತೆಯೇ ನಡೆದುಕೊಂಡಳು. ಶ್ರಾವಣದ ಮೊದಲ ದಿನ ಊಟಕ್ಕೆ ಕುಳಿತಾಗಲೇ ನನಗೆ ನನ್ನ ಪರಿಸ್ಥಿತಿಯ ಅರಿವಾದದ್ದು. ಬಿಸಿ ರೊಟ್ಟಿಗೆ ಬೆಣ್ಣೆ ಇಲ್ಲ. ಶೇಂಗಾ ಚಟ್ನಿಗೆ ಮೊಸರಿಲ್ಲ, ಬರೀ ಪುಡಿ ಗಂಟಲಲ್ಲಿ ನಿಂತು ಕೆಳಗೆ ಇಳಿಯಲು ಒಪ್ಪಲಿಲ್ಲ. ಕೊನೆಯ ಅನ್ನಕ್ಕೆ ಮಜ್ಜಿಗೆ ಇಲ್ಲ, ನೀರು ಉಪ್ಪು ಕಲಸಿಕೊಂಡು ಉಂಡೆ. ಹುಟ್ಟಿದಾಗಿನಿಂದ ನಾನು ಸಸ್ಯಾಹಾರಿ ಎಂದುಕೊಂಡಿದ್ದೆ. ಆ ದಿನ ಲೆಕ್ಕ ಹಾಕಿದರೆ ನಾನು ಬರೀ ಮೊಸರಾಹಾರಿಯಾಗಿದ್ದೆ.

ಸವಿತಾ ಕನಿಕರಪಟ್ಟು ಒಂದು ದಾರಿ ಹೇಳಿದಳು. ಶೇಂಗಾ ನೆನೆಹಾಕಿ ರುಬ್ಬಿ ಸೋಸಿದರೆ ಹಾಲಾಗುತ್ತದಂತೆ, ಕಾಯಿಸಿ ಹೆಪ್ಪು ಹಾಕಿದರೆ ಮೊಸರೂ ಆಗುತ್ತದಂತೆ. ಸರೋಜಾ ಬಟ್ಟೆ ಒಗೆಯುತ್ತಿದ್ದ ಸಮಯ ನೋಡಿ ಅಡಿಗೆಮನೆ ಹೊಕ್ಕೆ. ಮಿಕ್ಸರಿನ ಮುಚ್ಚಳವನ್ನು ಕೈಯಿಂದ ಒತ್ತಿ ಹಿಡಿಯಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲ ಸುತ್ತಿನ ಹಾಲು ಚಾವಣಿಯ ತೊಲೆಗೆ ಹೋಯಿತು. ಎರಡನೆಯ ಸುತ್ತನ್ನು ಸೋಸಲು ಬಟ್ಟೆ ಸಿಗದೆ ನನ್ನದೇ ಹೊಸ ಧೋತರ ಬಳಸಿದೆ. ಆದರೂ ಮರುದಿನ ಬೆಳಿಗ್ಗೆ ಗಟ್ಟಿ ಮೊಸರು! ಎರಡು ರೊಟ್ಟಿಗೆ ಹಚ್ಚಿಕೊಂಡು ತಿಂದು, ಉಳಿದದ್ದನ್ನು ಬಟ್ಟಲಲ್ಲಿ ಹಿಡಿದು ವಿಜಯೋತ್ಸಾಹದಿಂದ ಗಿರಣಿಗೆ ಒಯ್ದೆ.

ಸವಿತಾ ಬಟ್ಟಲನ್ನು ಓರೆಮಾಡಿ ನೋಡಿದಳು. "ಅಗದಿ ಚಲೋ ಆಗೇತ್ರಿ ಕಾಕಾ. ಹೆಪ್ಪಿಗೆ ಏನು ಹಾಕಿದ್ರಿ? ಹಸಿಮೆಣಸಿನಕಾಯಿ ತೊಟ್ಟೇನು?"

"ತೊಟ್ಟು ಯಾಕ? ಮನ್ಯಾಗಿನ ಮೊಸರ ಹಾಕೀನಿ. ಒಂದು ಚಮಚ."

ಹೇಳಿದ ಮೇಲೆಯೇ ನನಗೂ ಹೊಳೆದದ್ದು. ಯಲ್ಲಪ್ಪ ಹಿಟ್ಟಿನ ಕೈ ಝಾಡಿಸುತ್ತ, "ಹೋಗ್ಲಿ ಬಿಡ್ರಿ ಮಾಸ್ತರ, ಗೊತ್ತಿಲ್ಲದ ಆಗೇತಿ. ನಾ ಅದನ್ನ ಹಿಡಿಯಾಂಗಿಲ್ಲ," ಎಂದ. ಅವನು ಜಗಳ ತೆಗೆದಿದ್ದರೆ ನನಗೆ ಇಷ್ಟು ಅವಮಾನವಾಗುತ್ತಿರಲಿಲ್ಲ.

ಇನ್ನು ಮುಂದೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಇರಬೇಕೆಂದು ನಿಶ್ಚಯಿಸಿದೆ. ಸೋಮವಾರ ಗುಡಿಗೆ ಹೋದಾಗ ಅಯ್ಯನವರು ಅಂಗೈಗೆ ಪಂಚಾಮೃತ ಹಾಕಿದರು. ಬಾಯಿಗೆ ಒಯ್ಯುವ ಮೊದಲು ಕೇಳಿದೆ.

"ಇದ್ರಾಗ ಹಾಲು ಐತೇನ್ರಿ ಅಜ್ಜಾರ?"

"ಪಂಚಾಮೃತದಾಗ ಹಾಲಿರದ ಚಿಮಣಿ ಎಣ್ಣಿ ಇರತೈತೇನೋ ತಮ್ಮಾ?"

ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. ಕುಡಿದರೆ ವ್ರತಭಂಗ, ಚೆಲ್ಲಿದರೆ ದೈವದ್ರೋಹ. ಭಕ್ತಿಯಿಂದ ಕಣ್ಣು ಮುಚ್ಚಿ ಪೂರ್ತಿ ತಲೆಗೆ ಸವರಿಕೊಂಡೆ. ಪಂಚಾಮೃತದಲ್ಲಿ ಸಕ್ಕರೆ, ಜೇನುತುಪ್ಪ, ಬಾಳೆಹಣ್ಣೂ ಇರುತ್ತವೆ ಎಂಬುದು ನೆನಪಾದದ್ದು ದಾರಿಯಲ್ಲಿ. ಗುಡಿಯಿಂದ ಮನೆಯವರೆಗೆ ನೊಣಗಳ ಮೆರವಣಿಗೆಯಲ್ಲಿ ಬಂದೆ.

ಸಂಜೆಯ ಹೊತ್ತಿಗೆ ಊರಲ್ಲಿ ಸುದ್ದಿ ಹಬ್ಬಿತು. ಗಿರಣಿಗೆ ಬಾರದ ಜನಕ್ಕೆ ಪಂಥದ ವಿಷಯ ತಿಳಿದಿರಲಿಲ್ಲ. ಮಾಸ್ತರರು ತೀರ್ಥ ಕುಡಿಯಲೂ ಅಂಜುತ್ತಾರೆ, ಕರಿ ಚಹಾ ಕುಡಿಯುತ್ತಾರೆ, ಸೊರಗಿದ್ದಾರೆ, ಅಂದಮೇಲೆ ಕಾಮಾಲೆಯೇ ಸರಿ ಎಂದು ತೀರ್ಮಾನವಾಯಿತು. ನೋಡಲು ಬಂದವರು ಒಬ್ಬರೂ ಬರಿಗೈಲಿ ಬರಲಿಲ್ಲ. ಬ್ರೆಡ್ಡು ತಂದರು, ಜೊತೆಗೆ ತಂಬಿಗೆ ತುಂಬ ಹಾಲು ತಂದರು. ಬಂದ ಹಾಲಿಗೆಲ್ಲ ಸರೋಜಾ ಹೆಪ್ಪು ಹಾಕಿದಳು. ಮನೆಯಲ್ಲಿ ಮೊಸರಿನ ಗಡಿಗೆಗಳು ಸಾಲಾಗಿ ನಿಂತವು. ನಾನು ಅವುಗಳ ನಡುವೆ ತಲೆ ತಗ್ಗಿಸಿ ಓಡಾಡಿದೆ.

ಆದರೂ ಹಿಡಿದದ್ದನ್ನು ಬಿಡಲಿಲ್ಲ. ಇಪ್ಪತ್ತೇಳು ದಿನ ಕಳೆದವು. ಬೆಲ್ಟು ಎರಡು ತೂತು ಒಳಗೆ ಸರಿಯಿತು. ಅಮಾವಾಸ್ಯೆಗೆ ಇನ್ನು ಮೂರೇ ದಿನ. ಯಲ್ಲಪ್ಪನ ಮುಖ ಬಾಡತೊಡಗಿತ್ತು. ಗೆದ್ದ ಮೇಲೆ ಗಿರಣಿಯಲ್ಲಿ ಮಾಡಬೇಕಾದ ಭಾಷಣವನ್ನು ನಾನು ಬರೆದೂ ಇಟ್ಟಿದ್ದೆ.

ಅಷ್ಟರಲ್ಲಿ ಯಲ್ಲಪ್ಪನ ಎಮ್ಮೆ ಈಯಿತು.

ರೇಣವ್ವ ಊರಲ್ಲಿರಲಿಲ್ಲ. ಪಂಚಮಿಗೆಂದು ನಮ್ಮ ಪಂಥಕ್ಕೂ ಮೊದಲೇ ದುಮ್ಮವಾಡದ ತವರಿಗೆ ಹೋದವಳು ತಾಯಿಗೆ ಆರಾಮಿಲ್ಲವೆಂದು ಅಲ್ಲೇ ಉಳಿದಿದ್ದಳು. ಎಮ್ಮೆ ಈದ ಸುದ್ದಿ ಕೇಳಿ ಓಡಿ ಬಂದಳು. ಮರುದಿನ ಬೆಳಿಗ್ಗೆ ಮುಚ್ಚಿದ ಬೋಗಾಣಿ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಒಳಗೆ ಗಿಣ್ಣ. ಈದ ಎಮ್ಮೆಯ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ನೆರೆಹೊರೆಗೆಲ್ಲ ಹಂಚುವ ಗಿಣ್ಣ. ಅವರ ಮನೆಯ ಗಿಣ್ಣ ಪ್ರತಿ ಸಲವೂ ಮೊದಲು ಬರುವುದು ನಮ್ಮ ಮನೆಗೇ. ಮುಚ್ಚಳ ತೆಗೆದಾಗ ಏಲಕ್ಕಿಯ ಘಮಕ್ಕೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ನನಗ ಬ್ಯಾಡ ರೇಣವ್ವ," ಎಂದೆ, ಕಲ್ಲು ಮನಸ್ಸು ಮಾಡಿ.

ಪಂಥದ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲವೆಂದು ನನಗೆ ಹೊಳೆಯಲಿಲ್ಲ. ರೇಣವ್ವ ಸಣ್ಣ ದನಿಯಲ್ಲಿ ಹೇಳಿದಳು:

"ಇದು ಅಡಿಗಿಮನಿ ಬೋಗಾಣಿ ಅಲ್ಲರಿ ಅಣ್ಣಾರ. ನಿಮ್ಮ ಮನಿ ಸಲುವಾಗಿ ಅಂತ ಬ್ಯಾರೇನ ಇಟ್ಟೀನಿ. ಇಪ್ಪತ್ತು ವರ್ಷ ಆತು, ಇದ್ರಾಗ ಎಂದೂ ಬ್ಯಾರೆ ಏನೂ ಮಾಡಿಲ್ಲ. ಕರ ಹೊಟ್ಟಿ ತುಂಬ ಕುಡದ ಮ್ಯಾಲೆ ಹಿಂಡೀವಿ. ತಪ್ಪು ತಿಳ್ಕೋಬ್ಯಾಡ್ರಿ."

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ನಾನು ಇಪ್ಪತ್ತು ವರ್ಷ ಈ ಹೆಣ್ಣುಮಗಳ ಮುಖದ ಮೇಲೆ ಕಿಟಕಿ ಬಡಿದಿದ್ದೆ. ಅವಳು ಇಪ್ಪತ್ತು ವರ್ಷ ನನಗಾಗಿ ಒಂದು ಬೋಗಾಣಿ ತೆಗೆದಿಟ್ಟಿದ್ದಳು. ಪಂಥದ ಕಥೆ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಆ ಮುಖ ನೋಡಿದ ಮೇಲೆ ನನಗೆ ನಿಜವಾಗಿ ನಾಚಿಕೆಯಾಯಿತು, ಕಥೆ ಬಾಯಿಗೆ ಬರಲಿಲ್ಲ. ಬೋಗಾಣಿಗೆ ಕೈ ಹಾಕಿ ಒಂದು ತುಂಡು ಬಾಯಿಗಿಟ್ಟೆ.

ಒಂದು ತುಂಡು ಅವಳ ಮನಸ್ಸಿಗಾಗಿ. ಎರಡನೆಯದು ಮರ್ಯಾದೆಗಾಗಿ. ಮೂರನೆಯದರಿಂದ ಮುಂದೆ ಕಾರಣಗಳು ನೆನಪಿಲ್ಲ. ಇಪ್ಪತ್ತೇಳು ದಿನದ ಹಸಿವು ಒಮ್ಮೆಗೇ ಎದ್ದು ಕುಳಿತಿತ್ತು. ಸರೋಜಾ ಹಿತ್ತಲಿಂದ ಬಂದು ನೋಡುವಾಗ ನಾನು ಬೋಗಾಣಿಯ ತಳ ಬೆರಳಿಂದ ಒರೆಸುತ್ತಿದ್ದೆ.

"ನನಗ?" ಎಂದಳು ಅವಳು.

ಸಂದಿಯಲ್ಲಿ ಯಲ್ಲಪ್ಪ ಮತ್ತು ಸವಿತಾ ನಿಂತಿದ್ದರು. ಯಲ್ಲಪ್ಪ ನನ್ನ ಬೆರಳನ್ನೇ ನೋಡಿ, "ಇದನ್ನ ಹಿಡೀಬೇಕಾಗತೈತ್ರಿ ಮಾಸ್ತರ," ಎಂದ. "ಹಿಡಿ," ಎಂದೆ. ಸವಿತಾ, "ಇಪ್ಪತ್ತೇಳು ದಿನ ಕಡಿಮಿ ಅಲ್ಲರಿ ಕಾಕಾ," ಎಂದು ಸಮಾಧಾನ ಮಾಡಿದಳು. ಆ ಹುಡುಗಿ ಮಾತ್ರ ಗಿಣ್ಣವನ್ನು ಮೂಸಿಯೂ ನೋಡಲಿಲ್ಲ.

ಶ್ರಾವಣ ಮುಗಿದ ಮೊದಲ ರವಿವಾರ. ಕೊಟ್ಟ ಮಾತಿನಂತೆ ಕಿಟಕಿಯನ್ನು ಅಗಲವಾಗಿ ತೆರೆದು ಅದರ ಮುಂದೆಯೇ ಕುರ್ಚಿ ಹಾಕಿ ಕುಳಿತೆ. ಹನ್ನೊಂದಕ್ಕೆ ಸರಿಯಾಗಿ ಘಮಲು ಬಂತು. ಅದೇ ಮಸಾಲೆ. ನಾನು ಮೂಗಿಗೆ ಕೈ ಒಯ್ಯಲಿಲ್ಲ. ಸಹನೆಯ ಮೂರ್ತಿಯಂತೆ ಕುಳಿತು, "ವಾಸನಿ ಭಾಳ ಐತಿ. ಆದ್ರೂ ಮಾತು ಅಂದ್ರ ಮಾತು, ತಡ್ಕೊಂತೀನಿ," ಎಂದು ಒಳಗೆ ಕೂಗಿ ಹೇಳಿದೆ.

ಸರೋಜಾ ಸೌಟು ಹಿಡಿದೇ ಹೊರಗೆ ಬಂದಳು. "ಏನು ತಡ್ಕೊಂತೀರಿ? ಅದು ನಮ್ಮ ಒಲಿ ಮ್ಯಾಲಿನ ಎಣ್ಣಿಗಾಯಿ."

"ಇದು ಪ್ರತಿ ಐತವಾರ ಬರೂ ವಾಸನಿ."

"ಪ್ರತಿ ಐತವಾರ ನಾ ಬದನಿಕಾಯಿ ಎಣ್ಣಿಗಾಯಿ ಮಾಡ್ತೀನಲ್ಲ. ಮಸಾಲಿ ರೇಣವ್ವ ಕುಟ್ಟಿ ಕೊಡ್ತಾಳ. ನೀವು ಎರಡೆರಡು ರೊಟ್ಟಿ ಹೆಚ್ಚಿಗಿ ತಿಂತೀರಿ. ಅವರ ಕಿಟಕಿ ನೋಡ್ರಿ ಒಮ್ಮೆ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನೋಡಿದೆ. ಎದುರಿನ ಕಿಟಕಿ ಭದ್ರವಾಗಿ ಮುಚ್ಚಿತ್ತು. ನನಗಾಗಿಯೇ ಪಾಪ ರೇಣವ್ವ ಆ ಹೊಗೆಯಲ್ಲಿ ಅಡಿಗೆ ಮಾಡುತ್ತಾಳಲ್ಲ ಎಂದುಕೊಂಡು ಎದ್ದೆ. ಸಂದಿ ದಾಟಿ ಅವರ ಬಾಗಿಲಿಗೆ ಹೋಗಿ, ಮನಸ್ಸು ತುಂಬಿ ಹೇಳಿದೆ:

"ರೇಣವ್ವ, ಇನ್ನ ಮ್ಯಾಲೆ ಕಿಟಕಿ ತಗದ ಅಡಿಗಿ ಮಾಡು ತಂಗಿ. ನನಗ ವಾಸನಿ ಬರತೈತಿ ಅಂತ ಮುಚ್ಕೋಬ್ಯಾಡ."

ರೇಣವ್ವ ಸೆರಗಿಗೆ ಕೈ ಒರೆಸುತ್ತ ಸಂಕೋಚದಿಂದ ನಕ್ಕಳು. "ವಾಸನಿ ಸಲುವಾಗಿ ಅಲ್ಲರಿ ಅಣ್ಣಾರ. ಐತವಾರ ನೀವು ಒಳಗ ಕುಂತು ಭಾಷಣ ಮಾಡ್ತೀರಲ್ಲ, ಅದು ಕೇಳಿದ್ರ ಇವರಿಗೆ ಊಟ ಹೋಗೂದಿಲ್ಲ. ಅದಕ್ಕ ಮುಚ್ಚತೀನ್ರಿ."

ನಾನು ಮನೆಗೆ ಬಂದು, ಏನೂ ಮಾತಾಡದೆ, ಎಣ್ಣೆಗಾಯಿಯ ಜೊತೆ ನಾಲ್ಕು ರೊಟ್ಟಿ ತಿಂದೆ. ಮೊಸರು ಹಾಕಿಕೊಂಡು. ಸ್ವಲ್ಪ ಹೊತ್ತಿಗೆ ಸಂದಿಯಲ್ಲಿ ಏನೋ ಕಿರ್ ಎಂದಿತು. ತಲೆ ಎತ್ತಿ ನೋಡಿದರೆ ಎದುರಿನ ಕಿಟಕಿ ತೆರೆದಿತ್ತು.